ಜೋನ್ ಡಿಫೆನ್ಸ್ ಒಡೆಯುವುದು ಹೇಗೆ? ಕಾಲೇಜು ಬಾಸ್ಕೆಟ್‌ಬಾಲ್ ಆಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಸಂಜೆ ಹೊತ್ತು ಕಾಲೇಜು ಹುಡುಗರಿಗೂ ಹುಡುಗಿಯರಿಗೂ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ನಾನೂ ಇಲ್ಲೇ ಆಡಿ ಬೆಳೆದವನು. ಅಂತರ ಕಾಲೇಜು ಪಂದ್ಯಗಳು ಹತ್ತಿರ ಬಂದರೆ ಸಾಕು, "ಅವರು ಜೋನ್ ಹಾಕಿದರೆ ಏನು ಮಾಡೋದು ಸಾರ್?" ಅಂತ ಶುರುವಾಗುತ್ತದೆ. ಕೋರ್ಟ್ ಪಕ್ಕ ನಿಂತು ಅದನ್ನೇ ಹೇಳಿ ಹೇಳಿ ಗಂಟಲು ಕಟ್ಟಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಓದಿಕೊಂಡು ಬಂದು ಆಮೇಲೆ ಜಗಳ ಆಡಿ.

ಜೋನ್ ಅಂದರೆ ನಿಜವಾಗಿ ಏನು?

ಮ್ಯಾನ್ ಟು ಮ್ಯಾನ್ ಆಟದಲ್ಲಿ ನಿಮ್ಮನ್ನು ಕಾಯುವವನು ನೀವು ಹೋದಲ್ಲೆಲ್ಲ ಬರುತ್ತಾನೆ. ಜೋನ್‌ನಲ್ಲಿ ಅವನು ಜಾಗ ಕಾಯುತ್ತಾನೆ. ನೀವು ಅವನ ಜಾಗಕ್ಕೆ ಬಂದರೆ ನೋಡಿಕೊಳ್ಳುತ್ತಾನೆ, ಹೋದರೆ ಬಿಟ್ಟುಬಿಡುತ್ತಾನೆ. ಗದ್ದೆ ಕಾಯುವವನಿಗೂ ದನ ಕಾಯುವವನಿಗೂ ಇರುವ ವ್ಯತ್ಯಾಸ ಇದು. ದನ ಕಾಯುವವನು ದನದ ಹಿಂದೆ ಹೋಗುತ್ತಾನೆ. ಗದ್ದೆ ಕಾಯುವವನು ಅಟ್ಟಣೆ ಬಿಟ್ಟು ಇಳಿಯಲ್ಲ.

2-3 ಅಂದರೆ ಮುಂದೆ ಇಬ್ಬರು, ಹಿಂದೆ ಮೂವರು. 3-2, 1-3-1, 1-2-2 ಎಲ್ಲವೂ ಹಾಗೇ, ರಿಂಗ್‌ನಿಂದ ದೂರ ಇರುವವರನ್ನು ಮೊದಲು ಎಣಿಸಬೇಕು.

ಎದುರಾಳಿ ಜೋನ್ ಆಡುತ್ತಿದ್ದಾರೆ ಅಂತ ಗೊತ್ತಾಗುವುದು ಹೇಗೆ?

ನಿಮ್ಮವನೊಬ್ಬನನ್ನು ಈ ಕಡೆಯಿಂದ ಆ ಕಡೆಗೆ ಪೇಂಟ್ ಮೂಲಕ, ಅಂದರೆ ರಿಂಗ್ ಮುಂದಿನ ಚೌಕದ ಮೂಲಕ, ಓಡಿಸಿ. ಯಾರಾದರೂ ಅವನ ಹಿಂದೆಯೇ ಓಡಿದರೆ ಮ್ಯಾನ್ ಟು ಮ್ಯಾನ್. ಒಬ್ಬ ಬಿಟ್ಟು ಇನ್ನೊಬ್ಬ ತೆಗೆದುಕೊಂಡರೆ ಜೋನ್. ಎರಡು ಸೆಕೆಂಡಿನ ಕೆಲಸ. ಚೆಂಡು ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್ ಆದವರು ಪ್ರತಿ ಕ್ವಾರ್ಟರ್ ಶುರುವಿನಲ್ಲಿ ಮತ್ತು ಪ್ರತಿ ಟೈಮ್‌ಔಟ್ ಆದ ಮೇಲೆ ಇದನ್ನು ಮಾಡಲೇಬೇಕು. ಕೋಚ್‌ಗಳು ಡಿಫೆನ್ಸ್ ಬದಲಾಯಿಸುವುದು ಜಾಸ್ತಿ ಆಗಲೇ.

ಎರಡೂ ಸೇರಿಸಿ ಆಡುವ ಮ್ಯಾಚ್‌ಅಪ್ ಜೋನ್ ಅಂತ ಒಂದಿದೆ. ನೋಡಲು ಜೋನ್, ಆದರೆ ತನ್ನ ಜಾಗಕ್ಕೆ ಬಂದವನನ್ನು ಅಂಟಿಕೊಂಡು ಕಾಯುತ್ತಾರೆ. ಅಮೆರಿಕದಲ್ಲಿ ಟೆಂಪಲ್ ವಿಶ್ವವಿದ್ಯಾಲಯದ ಕೋಚ್ ಜಾನ್ ಚೇನಿ ಇದಕ್ಕೇ ಹೆಸರಾಗಿದ್ದರು. ಅಂಥ ಡಿಫೆನ್ಸ್ ಸಿಕ್ಕರೆ ನಿಂತಲ್ಲೇ ನಿಲ್ಲಬೇಡಿ, ಜಾಗ ಬದಲಿಸುತ್ತಾ ಇರಿ. ನಮ್ಮ ಮಟ್ಟದಲ್ಲಿ ಅದನ್ನು ಸರಿಯಾಗಿ ಆಡುವ ತಂಡ ಕಡಿಮೆ. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಕಡೆ ಇಷ್ಟೊಂದು ತಂಡಗಳು ಜೋನ್ ಯಾಕೆ ಹಾಕುತ್ತವೆ?

ಒಂದು ಕಾರಣ ಸೋಮಾರಿತನ, ಇನ್ನೊಂದು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನ ಸಿಮೆಂಟ್ ಕೋರ್ಟ್‌ಗಳ ಮೇಲೆ ಪಾಚಿ ಕಟ್ಟುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರುವ ಹುಡುಗರನ್ನು ಕೇಳಿ. ಅಲ್ಲಿ ಓಡುತ್ತಾ ಒಬ್ಬನನ್ನು ಹಿಂಬಾಲಿಸುವುದು ಅಂದರೆ ಮೊಣಕಾಲು ಒಡೆದುಕೊಂಡ ಹಾಗೆ. ಸುಮ್ನೆ ತನ್ನ ಜಾಗದಲ್ಲಿ ಕೈ ಎತ್ತಿ ನಿಲ್ಲುವುದು ವಾಸಿ.

ತಮಾಷೆ ಅಂದರೆ, ಜೋನ್ ಹುಟ್ಟಿದ ಕಥೆಯೂ ಇದೇ ಅಂತ ಹೇಳುತ್ತಾರೆ. 1914ರ ಸುಮಾರಿಗೆ ಅಮೆರಿಕದ ವೆಸ್ಟ್ ವರ್ಜೀನಿಯಾದ ಬ್ರಿಸ್ಟಲ್ ಅನ್ನುವ ಸಣ್ಣ ಊರಿನಲ್ಲಿ ಕ್ಯಾಮ್ ಹೆಂಡರ್ಸನ್ ಅನ್ನುವ ಕೋಚ್ ಇದ್ದರು. ಅವರ ಒಳಾಂಗಣದ ಸೂರು ಸೋರುತ್ತಿತ್ತಂತೆ. ನೆಲ ಜಾರುತ್ತಿತ್ತಂತೆ. ಓಡಿದರೆ ಬೀಳುತ್ತಾರೆ ಅಂತ ಹುಡುಗರನ್ನು ಅವರವರ ಜಾಗದಲ್ಲೇ ನಿಲ್ಲಿಸಿದರಂತೆ. ಅದೂ ಗುಡ್ಡಗಾಡು ಸೀಮೆಯೇ. ಕೇಳಿದಾಗ ನಮ್ಮ ಊರಿನ ಕಥೆ ಅನ್ನಿಸಿತು.

ನಾವು ಚೆನ್ನಾಗಿ ಪಾಸ್ ಮಾಡುತ್ತೇವೆ. ಆದರೂ ಒಳ್ಳೆ ಶಾಟ್ ಸಿಗುವುದಿಲ್ಲ. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ಉದ್ದ ಉತ್ತರ.

ನೀವು ಪಾಸ್ ಮಾಡುವುದು ಎಲ್ಲಿ? ತ್ರೀ ಪಾಯಿಂಟ್ ಗೆರೆಯ ಹೊರಗೆ. ಬಲದಿಂದ ಮೇಲಕ್ಕೆ, ಮೇಲಿಂದ ಎಡಕ್ಕೆ, ಮತ್ತೆ ವಾಪಸ್. ತೇರು ಊರು ಸುತ್ತಿದ ಹಾಗೆ. ಜೋನ್ ಆಡುವವರಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ನಿಮ್ಮ ಚೆಂಡು ದೊಡ್ಡ ವೃತ್ತ ಸುತ್ತುತ್ತದೆ, ಅವರು ಒಳಗೆ ಸಣ್ಣ ವೃತ್ತದಲ್ಲಿ ಎರಡು ಹೆಜ್ಜೆ ಇಡುತ್ತಾರೆ. ಶಾಟ್ ಹೊಡೆಯಲು ಇರುವ 24 ಸೆಕೆಂಡಿನಲ್ಲಿ 20 ಕಳೆಯುತ್ತದೆ. ಬೆಂಚಿನಿಂದ ಎಲ್ಲರೂ "ಟೈಮ್, ಟೈಮ್" ಅಂತ ಕೂಗುತ್ತಾರೆ. ಆಗ ಯಾರ ಕೈಯಲ್ಲಿ ಚೆಂಡಿದೆಯೋ ಅವನು ಕಣ್ಣು ಮುಚ್ಚಿ ಎಸೆಯುತ್ತಾನೆ.

ನನಗೇ ಆಗಿದ್ದು ಹೇಳುತ್ತೇನೆ. ಎರಡನೇ ವರ್ಷದ ಡಿಗ್ರಿಯಲ್ಲಿದ್ದಾಗ ಒಂದು ಅಂತರ ಕಾಲೇಜು ಪಂದ್ಯ. ಎದುರಿನವರು ನಮಗಿಂತ ಕುಳ್ಳರು, ನಮಗಿಂತ ನಿಧಾನ. ಮೊದಲ ಕ್ವಾರ್ಟರ್‌ನಲ್ಲೇ ಮುಂದೆ ಹೋಗಿದ್ದೆವು. ಎರಡನೇ ಕ್ವಾರ್ಟರ್‌ನಲ್ಲಿ ಅವರು 2-3 ಹಾಕಿದರು. ಅಷ್ಟೇ. ಆಮೇಲೆ ಪಂದ್ಯ ಮುಗಿಯುವ ತನಕ ನಾವು ಹೊರಗೇ ಸುತ್ತಿದೆವು. ಒಬ್ಬನೂ ಒಳಗೆ ಹೋಗಲಿಲ್ಲ. "ಪಾಸ್ ಮಾಡ್ರೋ, ಪಾಸ್ ಮಾಡ್ರೋ" ಅಂತ ಕೋಚ್ ಕೂಗುತ್ತಿದ್ದರು, ನಾವು ವಿಧೇಯರಾಗಿ ಪಾಸ್ ಮಾಡುತ್ತಿದ್ದೆವು. ಸೋತು ಬಸ್ಸಿನಲ್ಲಿ ವಾಪಸ್ ಬರುವಾಗಲೂ ನಮಗೆ ಕಾರಣ ಗೊತ್ತಿರಲಿಲ್ಲ. ಶೂಟಿಂಗ್ ಕೆಟ್ಟಿತ್ತು ಅಂದುಕೊಂಡಿದ್ದೆವು.

ವಿಷಯ ಇಷ್ಟು. ಕಬಡ್ಡಿ ರೈಡರ್ ಏಳು ಜನರ ಮೇಲೆ ಒಟ್ಟಿಗೆ ನುಗ್ಗುತ್ತಾನಾ? ಇಲ್ಲ. ಕಾರ್ನರ್‌ನವನ ಕಡೆ ಕಾಲು ಚಾಚಿ ಅವನನ್ನು ಒಂದು ಹೆಜ್ಜೆ ಎಳೆಯುತ್ತಾನೆ. ಅವನಿಗೂ ಪಕ್ಕದ ಕವರ್‌ಗೂ ನಡುವೆ ಸಂದಿ ಬೀಳುತ್ತದೆ. ಕೈ ಹಾಕುವುದು ಆ ಸಂದಿಗೆ. ಜೋನ್ ಒಡೆಯುವುದೂ ಹಾಗೇ. ನೀವು ನಿಲ್ಲಬೇಕಾದ್ದು ಡಿಫೆಂಡರ್ ಎದುರಲ್ಲ, ಇಬ್ಬರು ಡಿಫೆಂಡರ್‌ಗಳ ನಡುವೆ. ಚೆಂಡು ನಿಮ್ಮ ಕೈಗೆ ಬಂದ ಕೂಡಲೇ ಆ ಇಬ್ಬರೂ "ನೀನು ಹೋಗ್ತೀಯೋ, ನಾನು ಹೋಗ್ಲೋ" ಅಂತ ಅರೆಕ್ಷಣ ಯೋಚಿಸಬೇಕು. ಇಬ್ಬರೂ ಬಂದರೆ ನಿಮ್ಮವನೊಬ್ಬ ಖಾಲಿ. ಇಬ್ಬರೂ ಬರದಿದ್ದರೆ ನೀವೇ ಖಾಲಿ.

2-3 ಜೋನ್ ಎದುರು ಹೇಗೆ ನಿಲ್ಲಬೇಕು?

ಅವರ ಮುಂಭಾಗದಲ್ಲಿ ಇಬ್ಬರಿದ್ದರೆ ನಿಮ್ಮ ಮುಂಭಾಗದಲ್ಲಿ ಒಬ್ಬನಿರಲಿ. ಅವರಲ್ಲಿ ಒಬ್ಬನಿದ್ದರೆ ನಿಮ್ಮಲ್ಲಿ ಇಬ್ಬರು. ಈ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. 2-3 ಎದುರು ನೀವೂ ಇಬ್ಬರು ಗಾರ್ಡ್‌ಗಳನ್ನು ಮೇಲೆ ನಿಲ್ಲಿಸಿದರೆ ಒಬ್ಬರಿಗೆ ಒಬ್ಬರು ಜೋಡಿ ಸಿಕ್ಕಿಬಿಡುತ್ತಾರೆ. ಯಾರಿಗೂ ಅನುಮಾನವೇ ಇರುವುದಿಲ್ಲ.

ನಾನು ಹೇಳಿಕೊಡುವುದು 1-3-1. ಚೆಂಡು ಇರುವ ಗಾರ್ಡ್ ಮೇಲೆ, ಅವರ ಇಬ್ಬರ ನಡುವೆ. ಎರಡು ವಿಂಗ್‌ಗಳಲ್ಲಿ, ಅಂದರೆ ಎರಡು ಪಕ್ಕಗಳಲ್ಲಿ, ಒಬ್ಬೊಬ್ಬರು, ಫ್ರೀ ಥ್ರೋ ಗೆರೆ ನೇರಕ್ಕೆ, ತ್ರೀ ಗೆರೆ ಹೊರಗೆ. ಒಬ್ಬ ಹೈ ಪೋಸ್ಟ್‌ನಲ್ಲಿ, ಅಂದರೆ ಫ್ರೀ ಥ್ರೋ ಗೆರೆಯ ಹತ್ತಿರ, ಐದು ಜನರ ನಟ್ಟನಡುವೆ. ಐದನೆಯವನು ಬೇಸ್‌ಲೈನ್, ಅಂದರೆ ರಿಂಗ್ ಹಿಂದಿನ ಗೆರೆಯ, ಉದ್ದಕ್ಕೂ ಓಡಾಡುವವನು. ಇವನ ನಿಜವಾದ ಮನೆ ಶಾರ್ಟ್ ಕಾರ್ನರ್. ಪೇಂಟ್‌ನ ಅಂಚಿಗೂ ಮೂಲೆಗೂ ನಡುವೆ, ಬೇಸ್‌ಲೈನ್ ಪಕ್ಕದ ಜಾಗ ಅದು. ಅಲ್ಲಿ ನಿಂತವನು ಹಿಂದಿನ ಮೂವರಿಗೂ ಬೆನ್ನ ಹಿಂದಿದ್ದಂತೆ. ಚೆಂಡು ನೋಡಿದರೆ ಅವನು ಕಾಣಲ್ಲ, ಅವನನ್ನು ನೋಡಿದರೆ ಚೆಂಡು ಕಾಣಲ್ಲ.

ಈಗ ಚೆಂಡು ಬಲ ವಿಂಗ್‌ಗೆ ಹೋಯಿತು ಅನ್ನಿ. ಅವರ ಮುಂದಿನ ಸಾಲಿನ ಗಾರ್ಡ್ ದೂರ ಇರುವುದರಿಂದ ಅವರ ಹಿಂದಿನ ಸಾಲಿನ ಆ ಬದಿಯವನು ಮುಂದೆ ಓಡಿ ಬರುತ್ತಾನೆ. ಗಾರ್ಡ್ ಬಂದು ತಲುಪಿದ ಮೇಲೆ ಅವನು ವಾಪಸ್ ಹೋಗಬೇಕು. ಆ ಹೋಗಿ ಬರುವ ಹೊತ್ತಿನಲ್ಲಿ ಶಾರ್ಟ್ ಕಾರ್ನರ್ ಖಾಲಿ. ಚೆಂಡನ್ನು ಅಲ್ಲಿಗೆ ಹಾಕಿ. ಈಗ ಅವರ ಸೆಂಟರ್, ಅಂದರೆ ಹಿಂದಿನ ಸಾಲಿನ ನಡುವಿನವನು, ಹೊರಗೆ ಬರಲೇಬೇಕು, ಇಲ್ಲದಿದ್ದರೆ ಹತ್ತಿರದ ಶಾಟ್. ಸೆಂಟರ್ ಕದಲಿದ ಅಂದರೆ ರಿಂಗ್ ಕೆಳಗೆ ಮನೆ ಬಾಗಿಲು ತೆರೆದಿದೆ ಅಂತ. ಹೈ ಪೋಸ್ಟ್‌ನವನು ನೇರ ಅಲ್ಲಿಗೆ ನುಗ್ಗಬೇಕು. ಎರಡು ಪಾಸ್, ಒಂದು ಓಟ, ರಿಂಗ್ ಪಕ್ಕದಿಂದಲೇ ಹಾಕುವ ಲೇಅಪ್.

ಇದನ್ನು ನೂರು ಸಲ ಮಾಡಿಸುತ್ತೇನೆ. ನೂರಾ ಒಂದನೇ ಸಲ ಪಂದ್ಯದಲ್ಲಿ ಹೈ ಪೋಸ್ಟ್‌ನವನು ನಿಂತು ನೋಡುತ್ತಿರುತ್ತಾನೆ.

ಹೈ ಪೋಸ್ಟ್‌ನಲ್ಲಿ ಎತ್ತರದ ಹುಡುಗನನ್ನೇ ನಿಲ್ಲಿಸಬೇಕಾ?

ಬೇಡ. ತಂಡದಲ್ಲಿ ಅತಿ ಚೆನ್ನಾಗಿ ನೋಡಿ ಪಾಸ್ ಮಾಡುವವನನ್ನು ನಿಲ್ಲಿಸಿ. ಎತ್ತರ ಇದ್ದರೆ ಒಳ್ಳೆಯದು, ಕಣ್ಣು ಇರಲೇಬೇಕು.

ಚೆಂಡು ಸಿಕ್ಕ ಕೂಡಲೇ ಅವನು ಮಾಡಬೇಕಾದ ಮೊದಲ ಕೆಲಸ ರಿಂಗ್ ಕಡೆ ತಿರುಗುವುದು. ಬೆನ್ನು ತೋರಿಸಿ ನಿಂತು ಚೆಂಡನ್ನು ಗಾರ್ಡ್‌ಗೇ ವಾಪಸ್ ಕೊಟ್ಟರೆ ಅಷ್ಟು ಕಷ್ಟಪಟ್ಟು ಒಳಗೆ ಹಾಕಿದ್ದು ದಂಡ. ತಿರುಗಿದ ಮೇಲೆ ಸೆಂಟರ್ ಏನು ಮಾಡುತ್ತಾನೆ ನೋಡಿ. ಅವನು ಮೇಲೆ ಬಂದರೆ ಕೆಳಗೆ ಬೇಸ್‌ಲೈನ್‌ನವನಿಗೆ ಪಾಸ್. ಅವನು ಬರದೆ ಕೆಳಗೇ ಉಳಿದರೆ ನೀವೇ ಶಾಟ್ ಹೊಡೆಯಿರಿ. ಫ್ರೀ ಥ್ರೋ ಗೆರೆಯಿಂದ ಬೋರ್ಡ್‌ಗೆ 4.6 ಮೀಟರ್, ದಿನಾ ಹೊಡೆಯುವ ದೂರವೇ ಅಲ್ವಾ? ಮುಂದಿನ ಇಬ್ಬರು ಗಾರ್ಡ್‌ಗಳು ನಿಮ್ಮ ಮೇಲೆ ಮುಚ್ಚಿಕೊಂಡರೆ ಚೆಂಡು ಬಂದ ದಿಕ್ಕಿಗೆ ವಿರುದ್ಧ ಇರುವ ವಿಂಗ್‌ಗೆ ಎಸೆಯಿರಿ. ಅಲ್ಲಿ ಯಾರೂ ಇರುವುದಿಲ್ಲ.

ಹೈ ಪೋಸ್ಟ್‌ಗೆ ಚೆಂಡು ಹಾಕಲು ಹೋದರೆ ಕಿತ್ತುಕೊಳ್ಳುತ್ತಾರೆ. ಏನು ಮಾಡುವುದು?

ಮೊದಲನೆಯದು, ನಿಮ್ಮವನು ಅಲ್ಲೇ ಕಂಬದ ಹಾಗೆ ನಿಂತಿರುತ್ತಾನೆ. ನಿಲ್ಲಬಾರದು, ಬರಬೇಕು. ಕೆಳಗಿನಿಂದ ಅಥವಾ ಆಚೆ ಕಡೆಯಿಂದ ಸರಕ್ಕನೆ ಬಂದು ಆ ಜಾಗದಲ್ಲಿ ಕಾಣಿಸಿಕೊಳ್ಳಬೇಕು. ಚೆಂಡು ನಿಮ್ಮ ತಂಡದ ಕೈಯಲ್ಲಿದ್ದಾಗ ನೀವು ಪೇಂಟ್‌ನಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ ಅನ್ನುವುದನ್ನೂ ಮರೆಯಬೇಡಿ.

ಎರಡನೆಯದು ಪಾಸ್ ಫೇಕ್. ಜೋನ್ ಆಡುವವರು ಚೆಂಡು ನೋಡಿ ಕದಲುತ್ತಾರೆ. ಮ್ಯಾನ್ ಟು ಮ್ಯಾನ್‌ನಲ್ಲಿ ಸುಳ್ಳು ಪಾಸ್ ಒಬ್ಬನನ್ನು ಮೋಸ ಮಾಡಿದರೆ ಜೋನ್‌ನಲ್ಲಿ ಐದೂ ಜನರನ್ನು ಒಂದು ಹೆಜ್ಜೆ ಕದಲಿಸುತ್ತದೆ. ಬಲಕ್ಕೆ ಎಸೆಯುವ ಹಾಗೆ ಭುಜ, ಕಣ್ಣು ಎರಡನ್ನೂ ತಿರುಗಿಸಿ, ಮಧ್ಯಕ್ಕೆ ಹಾಕಿ. ನಮ್ಮ ಹುಡುಗರು ಇದನ್ನು ಮಾಡಲು ನಾಚಿಕೊಳ್ಳುತ್ತಾರೆ. ಯಾಕೋ ಗೊತ್ತಿಲ್ಲ. ಮನೆಯಲ್ಲಿ ಮಾರ್ಕ್ಸ್ ಕಾರ್ಡ್ ವಿಷಯದಲ್ಲಿ ಮಾತ್ರ ನಾಚಿಕೆ ಇರುವುದಿಲ್ಲ.

ಜೋನ್ ಎದುರು ಡ್ರಿಬಲ್ ಮಾಡಲೇಬಾರದು ಅಂತಾರಲ್ಲ?

ಅರ್ಧ ಸತ್ಯ. ನಿಂತಲ್ಲೇ ಟಪ್ ಟಪ್ ಅಂತ ಬಡಿಯುವುದು ದಂಡ, ಅಷ್ಟರಲ್ಲಿ ಅವರು ಸರಿಯಾಗಿ ನಿಂತುಕೊಳ್ಳುತ್ತಾರೆ. ಆದರೆ ಎರಡು ಥರದ ಡ್ರಿಬಲ್ ತುಂಬಾ ಕೆಲಸಕ್ಕೆ ಬರುತ್ತದೆ. ಇಬ್ಬರ ನಡುವಿನ ಸಂದಿಗೆ ಒಂದೆರಡು ಬಡಿತ ನುಗ್ಗಿ, ಇಬ್ಬರನ್ನೂ ನಿಮ್ಮ ಕಡೆ ಎಳೆದು, ಪಾಸ್ ಮಾಡುವುದು ಒಂದು. ಇನ್ನೊಂದು, ಗಾರ್ಡ್‌ನನ್ನು ಜೊತೆಗೆ ಕರೆದುಕೊಂಡು ಮೇಲಿಂದ ವಿಂಗ್ ಕಡೆ ಡ್ರಿಬಲ್ ಮಾಡುವುದು. ಅವನು ತನ್ನ ಜಾಗ ಬಿಟ್ಟು ಬಂದ, ಹಿಂದೆ ಮೇಲ್ಭಾಗ ಖಾಲಿಯಾಯಿತು. ನಿಮ್ಮ ವಿಂಗ್‌ನವನು ಮೇಲೆ ಹೋಗಿ ಅಲ್ಲಿ ಚೆಂಡು ತೆಗೆದುಕೊಳ್ಳಲಿ.

ಸ್ಕ್ರೀನ್ ಹಾಕಬಹುದಾ?

ಸ್ಕ್ರೀನ್ ಅಂದರೆ ಡಿಫೆಂಡರ್ ದಾರಿಗೆ ನಿಮ್ಮವನೊಬ್ಬ ಅಡ್ಡ ನಿಲ್ಲುವುದು. ಹಾಕಬಹುದು, ಅದೂ ಸುಲಭವಾಗಿ. ಜೋನ್‌ನವನು ಎಲ್ಲಿರುತ್ತಾನೆ ಅಂತ ಮೊದಲೇ ಗೊತ್ತಲ್ಲ! ಚೆಂಡು ಬಲಗಡೆ ಇದ್ದಾಗ ಎಡಗಡೆಯ ಹಿಂದಿನ ಡಿಫೆಂಡರ್ ಪೇಂಟ್ ಒಳಗೆ ಸರಿದಿರುತ್ತಾನೆ. ಅವನ ಹೊರಬದಿಗೆ ನಿಮ್ಮವನೊಬ್ಬ ಅಡ್ಡ ನಿಲ್ಲಲಿ. ಬಲಗಡೆಯಿಂದ ಎಡಕ್ಕೆ ಇಡೀ ಡಿಫೆನ್ಸ್ ತಲೆಯ ಮೇಲಿಂದ ಸ್ಕಿಪ್ ಪಾಸ್. ಅವನು ಹೊರಗೆ ಓಡಿ ಬರಲು ದಾರಿಯೇ ಇಲ್ಲ. ಶೂಟರ್‌ಗೆ ಉಸಿರು ಎಳೆದುಕೊಂಡು ಹೊಡೆಯುವಷ್ಟು ಸಮಯ.

ನಮ್ಮ ತಂಡದಲ್ಲಿ ತ್ರೀ ಹೊಡೆಯುವವರೇ ಇಲ್ಲ. ಹಾಗಾದರೆ ಜೋನ್ ಎದುರು ಸೋತ ಹಾಗೆಯೇ?

ಇಲ್ಲ. ಜೋನ್‌ಗೆ ಔಷಧಿ ದೂರದ ಶಾಟ್ ಅನ್ನುವುದು ಹಳೇ ನಂಬಿಕೆ. ನಿಮ್ಮ ಕೈಯಿಂದ ದೂರದ ಶಾಟ್ ಹೊಡೆಸಬೇಕು ಅಂತಲೇ ಅವರು ಜೋನ್ ಹಾಕಿರುವುದು. ಒಂದು ತಂಡಕ್ಕೆ ಒಬ್ಬ ಶೂಟರ್ ಇದ್ದರೆ ಸಾಕು. ಅವನನ್ನು ಕಾರ್ನರ್‌ನಲ್ಲಿ ನಿಲ್ಲಿಸಿ. ನಾವು ಆಡುವ, ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ಅಳತೆಯ ಕೋರ್ಟ್‌ನಲ್ಲಿ ಮೇಲಿಂದ ತ್ರೀ ಗೆರೆ 6.75 ಮೀಟರ್, ಕಾರ್ನರ್‌ನಿಂದ 6.60. ವ್ಯತ್ಯಾಸ ಸಣ್ಣದು, ಆದರೆ ಅವನು ಅಲ್ಲಿ ನಿಂತರೆ ಹಿಂದಿನ ಸಾಲಿನ ಒಬ್ಬ ಅಷ್ಟು ದೂರ ಬರಬೇಕಾಗುತ್ತದೆ. ಹೊಡೆಯದಿದ್ದರೂ ಅವನು ಕೆಲಸ ಮಾಡುತ್ತಿದ್ದಾನೆ.

ರಿಬೌಂಡ್?

ಅಂದರೆ ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು. ಇದನ್ನು ಯಾರೂ ಕೇಳುವುದಿಲ್ಲ. ನಾನೇ ಸೇರಿಸಿದ್ದೇನೆ. ಜೋನ್‌ನ ದೊಡ್ಡ ಹುಳುಕು ಇಲ್ಲಿದೆ. ಮ್ಯಾನ್ ಟು ಮ್ಯಾನ್‌ನಲ್ಲಿ ಶಾಟ್ ಹಾರಿದ ಕೂಡಲೇ ಪ್ರತಿಯೊಬ್ಬನಿಗೂ ಬೆನ್ನು ಕೊಟ್ಟು ತಡೆಯಲು ಒಬ್ಬ ಗೊತ್ತಿರುತ್ತಾನೆ. ಜೋನ್‌ನಲ್ಲಿ ಯಾರು ಯಾರನ್ನು ತಡೆಯಬೇಕು ಅಂತ ಹುಡುಕಬೇಕು. ಶಾಟ್ ಹೋದ ಕಡೆಗೆ ವಿರುದ್ಧ ಬದಿಯಿಂದ ನಿಮ್ಮ ಇಬ್ಬರು ಒಳಗೆ ನುಗ್ಗಲಿ. ಚೆಂಡು ಸಿಕ್ಕರೆ ಶಾಟ್ ಕ್ಲಾಕ್, ಅಂದರೆ ಶಾಟ್ ಹೊಡೆಯಲು ಇರುವ ಸಮಯ, ಮತ್ತೆ 14 ಸೆಕೆಂಡ್, ಅವರ ಜೋನ್ ಚೆಲ್ಲಾಪಿಲ್ಲಿ. ಶೂಟರ್‌ಗಳಿಲ್ಲದ ತಂಡಕ್ಕೆ ಇದೇ ಜೀವಾಳ.

1-3-1 ಅಥವಾ 3-2 ಹಾಕಿದರೆ?

1-3-1 ನೋಡಿದರೆ ಭಯ ಆಗುತ್ತದೆ, ಕೈಗಳೇ ಕೈಗಳು. ಮೇಲೆ ಒಬ್ಬನೇ ಇರುವುದರಿಂದ ನೀವು ಇಬ್ಬರು ಗಾರ್ಡ್‌ಗಳನ್ನು ನಿಲ್ಲಿಸಿ. ಅವರ ಕೆಳಗಿನವನು ಒಬ್ಬನೇ ಎರಡೂ ಮೂಲೆಗೆ ಓಡಬೇಕು, ಪಾಪ. ಹಾಗಾಗಿ ಎರಡೂ ಕಾರ್ನರ್‌ನಲ್ಲಿ ನಿಮ್ಮವರಿರಲಿ. ಆದರೆ ಕಾರ್ನರ್‌ನಲ್ಲಿ ಚೆಂಡು ಹಿಡಿದು ನಿಲ್ಲಬೇಡಿ, ಅಲ್ಲೇ ಇಬ್ಬರು ಬಂದು ಬಲೆ ಹಾಕುತ್ತಾರೆ. ಗಾಳಿಯಲ್ಲಿ ತೇಲುವ ಪಾಸ್ ಮಾಡಿದರೆ ಮುಗಿಯಿತು ಕಥೆ.

3-2 ಆದರೆ ಕೆಳಗೆ ಇಬ್ಬರೇ. ಕಾರ್ನರ್, ಶಾರ್ಟ್ ಕಾರ್ನರ್, ರಿಂಗ್ ಪಕ್ಕ, ಮೂರೂ ಕಡೆ ನಿಲ್ಲಿ. ಇಬ್ಬರು ಮೂವರನ್ನು ಕಾಯಲು ಆಗುವುದಿಲ್ಲ.

ಒಬ್ಬನನ್ನು ಮಾತ್ರ ಹಿಂಬಾಲಿಸಿ ಉಳಿದ ನಾಲ್ವರು ಜೋನ್ ಆಡಿದರೆ?

ಬಾಕ್ಸ್ ಅಂಡ್ ಒನ್. ನಿಮ್ಮಲ್ಲಿ ಒಬ್ಬನೇ ಚೆನ್ನಾಗಿ ಆಡುತ್ತಾನೆ ಅಂತ ಅವರಿಗೆ ಗೊತ್ತಾಗಿದೆ ಎಂದರ್ಥ. ಆ ಒಬ್ಬನಿಗೆ ಬೇಜಾರು ಮಾಡಿಕೊಳ್ಳಬೇಡ ಅನ್ನಿ. ಅವನೇ ಹೋಗಿ ಬೇರೆಯವರಿಗೆ ಸ್ಕ್ರೀನ್ ಹಾಕಲಿ, ಅವನ ನೆರಳೂ ಅವನ ಜೊತೆಯೇ ಬಂದು ಅವರ ಜೋನ್‌ನ ದಾರಿಗೆ ಅಡ್ಡ ನಿಲ್ಲುತ್ತದೆ.

ಅಮೆರಿಕದ ಕಾಲೇಜು ಪಂದ್ಯ ನೋಡಿ ಕಲಿಯಬಹುದಾ?

ಖಂಡಿತ. ಸಿರಾಕ್ಯೂಸ್ ವಿಶ್ವವಿದ್ಯಾಲಯದ ಹಳೇ ಪಂದ್ಯಗಳನ್ನು ನೋಡಿ. ಜಿಮ್ ಬೋಹೈಮ್ 1976ರಿಂದ 2023ರ ತನಕ ಅಲ್ಲಿ ಕೋಚ್ ಆಗಿದ್ದರು, 2-3 ಜೋನ್ ಅವರ ಗುರುತೇ ಆಗಿತ್ತು. 2003ರ ರಾಷ್ಟ್ರೀಯ ಕಾಲೇಜು ಫೈನಲ್‌ನಲ್ಲಿ ಕಾನ್ಸಾಸ್ ತಂಡವನ್ನು 81-78ರಿಂದ ಸೋಲಿಸಿದರು. ಕೊನೆ ಕ್ಷಣಗಳಲ್ಲಿ ಕಾನ್ಸಾಸ್‌ನವನಿಗೆ ಕಾರ್ನರ್‌ನಲ್ಲಿ ತ್ರೀ ಸಿಕ್ಕಿತು. ಖಾಲಿ ಇದ್ದೇನೆ ಅಂತ ಎತ್ತಿ ಹೊಡೆದ. ಒಳಗಿನಿಂದ ಹಾರಿ ಬಂದ ಹಕೀಮ್ ವಾರಿಕ್ ಅದನ್ನು ತಡೆದುಬಿಟ್ಟ. ಉದ್ದ ಕೈಗಳಿರುವ ಜೋನ್ ಎದುರು ಖಾಲಿ ಅನ್ನುವ ಪದಕ್ಕೆ ಅರ್ಥವೇ ಬೇರೆ. ಡಿಫೆಂಡರ್‌ನ ಕಾಲು ಮಾತ್ರ ನೋಡಿ ದೂರ ಅಳೆಯಬೇಡಿ.

ನೋಡುವಾಗ ಒಂದು ವ್ಯತ್ಯಾಸ ಗಮನದಲ್ಲಿರಲಿ. ಅಲ್ಲಿ ಕಾಲೇಜು ಪುರುಷರ ಆಟದಲ್ಲಿ 2015-16ರ ಸೀಸನ್‌ನಿಂದ ಶಾಟ್ ಕ್ಲಾಕ್ 30 ಸೆಕೆಂಡ್. ಅದಕ್ಕೂ ಮೊದಲು 35 ಇತ್ತು. ನಮಗೆ 24. ಅವರು ಹತ್ತು ಪಾಸ್ ಮಾಡುವಲ್ಲಿ ನಿಮಗೆ ಏಳೆಂಟು. ಅರ್ಧ ಕೋರ್ಟ್ ದಾಟಲೂ 8 ಸೆಕೆಂಡ್ ಮಿತಿ ಇದೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡಿ ಕಲಿಯಲು ಹೋದರೆ ಇನ್ನೂ ಗೊಂದಲ. ಅಲ್ಲಿ ಡಿಫೆಂಡರ್ ಯಾರನ್ನೂ ಕಾಯದೆ ಪೇಂಟ್‌ನಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ನಮ್ಮ ಆಟದಲ್ಲಿ ಆ ನಿಯಮ ಇಲ್ಲ. ನಿಮ್ಮ ಎದುರಾಳಿಯ ದಪ್ಪ ಸೆಂಟರ್ ಇಡೀ ಪಂದ್ಯ ರಿಂಗ್ ಕೆಳಗೆ ದ್ವಾರಪಾಲಕನ ಹಾಗೆ ನಿಲ್ಲಬಹುದು. ಅವನನ್ನು ಅಲ್ಲಿಂದ ಎಬ್ಬಿಸುವುದು ನಿಮ್ಮ ಕೆಲಸ.

ಇದೆಲ್ಲಕ್ಕಿಂತ ಸುಲಭದ ದಾರಿ ಇಲ್ಲವಾ?

ಇದೆ. ಓಡಿ. ಐದು ಜನ ವಾಪಸ್ ಬಂದು ನಿಂತರೆ ಮಾತ್ರ ಅದು ಜೋನ್. ರಿಬೌಂಡ್ ಹಿಡಿದ ಕೂಡಲೇ ಮುಂದೆ ಎಸೆದು ನುಗ್ಗಿದರೆ ಅವರು ಇನ್ನೂ ಜಾಗ ಹುಡುಕುತ್ತಿರುತ್ತಾರೆ.

ಪಂದ್ಯದ ದಿನ ಮಳೆ ಬಂದು ಚೆಂಡು ಒದ್ದೆಯಾದರೆ?

ಸ್ಕಿಪ್ ಪಾಸ್ ಮರೆತುಬಿಡಿ, ಕೈ ಜಾರುತ್ತದೆ. ಹತ್ತಿರ ಹತ್ತಿರ ನಿಂತು ಎರಡೂ ಕೈಯಲ್ಲಿ ಎದೆಮಟ್ಟದ ಪಾಸ್. ಬೌನ್ಸ್ ಪಾಸ್ ಒದ್ದೆ ನೆಲದಲ್ಲಿ ಏಳುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಬೈರಾಸು ಒಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬೇಡಿ, ರೆಫ್ರಿ ಬಿಡಲ್ಲ. ಬೆಂಚಿನಲ್ಲಿ ಇಡಿ.

ಪ್ರಾಕ್ಟೀಸ್ ಹೇಗೆ ಮಾಡುವುದು? ಎದುರು ಆಡಲು ಎತ್ತರದವರೇ ಇಲ್ಲ.

ನಾನು ಅಡಿಕೆ ಹಾಳೆ ತರುತ್ತೇನೆ. ಡಿಫೆನ್ಸ್ ಆಡುವ ಐವರ ಎರಡೂ ಕೈಗೆ ಒಂದೊಂದು ಹಾಳೆ. ಐದೂವರೆ ಅಡಿ ಹುಡುಗನೂ ಸಿರಾಕ್ಯೂಸ್‌ನವನ ಹಾಗೆ ಕಾಣುತ್ತಾನೆ. ಅದರ ಮೇಲಿಂದ, ಪಕ್ಕದಿಂದ ಪಾಸ್ ಮಾಡಿ ಅಭ್ಯಾಸವಾದರೆ ಪಂದ್ಯದಲ್ಲಿ ಬರಿಗೈ ಎದುರು ಸಲೀಸು.

ನಿಯಮ ಎರಡೇ. ಚೆಂಡು ಒಂದು ಸಲವಾದರೂ ಹೈ ಪೋಸ್ಟ್ ಅಥವಾ ಶಾರ್ಟ್ ಕಾರ್ನರ್ ಮುಟ್ಟದೆ ಶಾಟ್ ಇಲ್ಲ. ಯಾರೂ ಚೆಂಡನ್ನು ಎರಡು ಎಣಿಸುವುದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳುವಂತಿಲ್ಲ. ತಪ್ಪಿದವರು ಹಾಳೆ ಹಿಡಿಯಬೇಕು.

ಜೋರು ಮಳೆ ಇದ್ದ ದಿನ ಕಾಲೇಜಿನ ವರಾಂಡವೇ ಗತಿ. ಅಲ್ಲಿ ಓಡಲು ಆಗಲ್ಲ. ಪಾಸ್ ಫೇಕ್, ಚೆಂಡು ಹಿಡಿದು ರಿಂಗ್ ಕಡೆ ತಿರುಗುವುದು, ಇವೆರಡನ್ನೇ ಗೋಡೆಗೆ ಮುಖ ಮಾಡಿ ಮಾಡಿಸುತ್ತೇನೆ. ವಾಚ್‌ಮನ್ ಬಂದು ಬೈದರೆ ಅವತ್ತಿನ ಪ್ರಾಕ್ಟೀಸ್ ಮುಗಿಯಿತು. ಗೇಟಿನ ಹೊರಗೆ ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.